ಗಿಳಿ ಲಾರಿ ನಿಂತ ಮನೆ

ಕಾಲುವೆ ನೀರು ಬಂದ ಮೇಲೆ ಗಂಗಾವತಿಯಲ್ಲಿ ಬಂಡಿ ಬಿಟ್ಟು ಲಾರಿ ಹತ್ತಿದವರು ಎಷ್ಟೋ ಮಂದಿ. ಲಾರಿ ಕೊಂಡ ದಿನದಿಂದ ನಿದ್ದೆ ಕಳೆದುಕೊಂಡವನು ಮಾತ್ರ ವಿರುಪಣ್ಣ ಸಾವುಕಾರ ಒಬ್ಬನೇ. ಬಂಡಿಯ ಕಾಲವೇ ಚೆನ್ನಾಗಿತ್ತು ಎಂದು ಅವನು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಎತ್ತು ಎಷ್ಟು ದೂರ ಹೋದೀತು, ಹಗ್ಗ ಕೈಯಲ್ಲೇ ಇರುತ್ತಿತ್ತಲ್ಲ! ಲಾರಿ ಹಾಗಲ್ಲ. ಬೆಳಿಗ್ಗೆ ಅಕ್ಕಿ ಚೀಲ ಹೇರಿಕೊಂಡು ಕನಕಗಿರಿ ದಾರಿ ಹಿಡಿಯಿತೆಂದರೆ, ಅದು ಯಾರ ಮನೆ ಮುಂದೆ ನಿಂತಿದೆ, ಯಾರ ಮದುವೆಯ ದಿಬ್ಬಣ ಹೊತ್ತಿದೆ ಎಂಬುದು ದೇವರಿಗೇ ಗೊತ್ತು. ಎಪ್ಪತ್ತೆಂಟನೇ ಇಸವಿಯ ಮಾತಿದು. ಟ್ರಂಕ್ ಕಾಲ್ ಹಚ್ಚಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತರೆ, ಅದು ಸಿಗುವಷ್ಟರಲ್ಲಿ ಲಾರಿಯೇ ತಿರುಗಿ ಬಂದು ಅಂಗಳದಲ್ಲಿ ನಿಂತಿರುತ್ತಿತ್ತು.

ಆದರೂ ಸಾವುಕಾರ ಸುಮ್ಮನೆ ಕೂರುವ ಜಾತಿಯಲ್ಲ. ತನ್ನ ಮೂರೂ ಲಾರಿಗಳಿಗೆ ಪೇಂಟರ್ ಹೈದರಸಾಬನ ಕೈಯಿಂದ ಗುಲಾಬಿ ಬಣ್ಣ ಬಳಿಸಿದ. ಅಂಥ ಬಣ್ಣದ ಲಾರಿ ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಇನ್ನು ಎಲ್ಲಿ ನಿಂತರೂ ಕಣ್ಣಿಗೆ ಬೀಳುತ್ತದೆ ಎಂಬುದು ಅವನ ಲೆಕ್ಕ. ಆಮೇಲೆ ಊರೂರಿಗೆ ಹೇಳಿ ಕಳಿಸಿದ: ತನ್ನ ಲಾರಿ ಸುಮ್ಮನೆ ನಿಂತದ್ದು ಕಂಡರೆ ಬಂದು ಹೇಳಬೇಕು, ಹೇಳಿದವರಿಗೆ ಒಂದು ಸೇರು ನುಚ್ಚಕ್ಕಿ. ಕುಷ್ಟಗಿ, ಯಲಬುರ್ಗಾ ಎಂದರೆ ಜೋಳದ ರೊಟ್ಟಿಯ ಸೀಮೆ. ಅಲ್ಲಿ ಅನ್ನ ಹಬ್ಬಕ್ಕೊಮ್ಮೆ ಕಾಣುವಂಥದ್ದು, ನುಚ್ಚಾದರೂ ಅನ್ನ ಅನ್ನವೇ. ಹೀಗಾಗಿ ಗಂಗಾವತಿ ಸಂತೆಗೆ ಬರುವವರೆಲ್ಲ ಮೊದಲು ಸಾವುಕಾರನ ಕಟ್ಟೆಗೆ ಬಂದು ಸುದ್ದಿ ಇಳಿಸಿ, ಆಮೇಲೆ ಸಂತೆಗೆ ಹೋಗತೊಡಗಿದರು.

ಒಂದು ದಿನ ಒಬ್ಬ ಬಂದು ಗುಲಾಬಿ ಲಾರಿ ಮುನಿರಾಬಾದಿನಲ್ಲಿ ನಿಂತಿದೆ ಎಂದ. ಅವನ ಬೆನ್ನಿಗೇ ಇನ್ನೊಬ್ಬ ಬಂದು, ಅದೇ ಹೊತ್ತಿಗೆ ತಾವರಗೇರಿಯಲ್ಲಿ ನಿಂತಿತ್ತು ಎಂದ. ಸಾವುಕಾರ ಸಿಟ್ಟಿನಿಂದ ಕುದಿದುಹೋದ. ಮೂರಕ್ಕೂ ಒಂದೇ ಬಣ್ಣ ಬಳಿಸಿದ್ದು ತಾನೇ ಎಂಬುದನ್ನು ಹೆಂಡತಿ ಕಸ್ತೂರೆಮ್ಮ ನೆನಪು ಮಾಡಬೇಕಾಯಿತು. ನಂಬರ್ ಓದಿಕೊಂಡು ಬರುವಷ್ಟು ಅಕ್ಷರ ಆ ಮಂದಿಗೆ ಎಲ್ಲಿಂದ ಬರಬೇಕು? ಮತ್ತೆ ಹೈದರಸಾಬನನ್ನು ಕರೆಸಿ ಒಂದರ ಬಾಗಿಲಿಗೆ ಗಿಳಿ, ಒಂದಕ್ಕೆ ಹುಲಿ, ಇನ್ನೊಂದಕ್ಕೆ ಆನೆ ಬರೆಸಿದ್ದಾಯಿತು. ಸೊಂಡಿಲಿಗೆ ಜಾಗ ಸಾಲದೆ ಆನೆ ಥೇಟ್ ಎಮ್ಮೆಯ ಹಾಗೆ ಬಂತು. ಅಂದಿನಿಂದ ಅದು ಎಮ್ಮಿ ಲಾರಿ ಎಂದೇ ಹೆಸರಾಯಿತು.

ನುಚ್ಚು ಅಳೆಯುವ ಕೆಲಸ ಕಸ್ತೂರೆಮ್ಮನದು. ಗಂಡನ ಈ ಕಾರುಬಾರು ನೋಡಿ ಆಕೆ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು. ಆದರೆ ಗಿಳಿ ಲಾರಿಯ ಸುದ್ದಿ ಬಂದಾಗ ಮಾತ್ರ ಆಕೆಗೆ ನಗು ಬರುತ್ತಿರಲಿಲ್ಲ. ಯಾಕೆಂದರೆ ಗಿಳಿ ಲಾರಿ ಯಲಬುರ್ಗಾದಲ್ಲಿ ನಿಲ್ಲುತ್ತಿದ್ದದ್ದು ಆಕೆ ಹೇಳಿದ್ದರಿಂದಲೇ.

ಅದರ ಡ್ರೈವರ್ ಮುದಿಯಪ್ಪ. ನಂಬಿಗಸ್ತ, ಬಾಯಿ ಸ್ವಲ್ಪ ಸಡಿಲು. ಯಲಬುರ್ಗಾಕ್ಕೆ ಹೊರಟಾಗಲೆಲ್ಲ ಕಸ್ತೂರೆಮ್ಮ ಹಿತ್ತಲ ಬಾಗಿಲಿನಿಂದ ಅವನ ಕೈಗೆ ಒಂದು ಗಂಟು ಕೊಡುತ್ತಿದ್ದಳು. ಅದು ಹೋಗಬೇಕಾದದ್ದು ಯಮನೂರಮ್ಮನಿಗೆ. ಯಮನೂರಮ್ಮ ವಿರುಪಣ್ಣನ ಅಕ್ಕ, ತಾಯಿ ಸತ್ತ ಮೇಲೆ ಅವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು. ಗಂಟಿನಲ್ಲಿ ಅಕ್ಕಿ ಇರುತ್ತಿತ್ತು, ಒಮ್ಮೊಮ್ಮೆ ಒಂದು ಸೀರೆ. ಆ ಕಡೆಯಿಂದ ಗುರೆಳ್ಳು ಚಟ್ನಿಯ ಡಬ್ಬಿ ಬರುತ್ತಿತ್ತು. ಸಾವುಕಾರ ಆ ಚಟ್ನಿಯನ್ನು ರೊಟ್ಟಿಗೆ ಸವರಿಕೊಂಡು, "ಈಗೀಗ ನಿನ್ನ ಕೈ ಛಲೋ ಕುಂತೈತಿ ನೋಡು" ಎಂದು ಹೆಂಡತಿಯನ್ನು ಹೊಗಳುತ್ತಿದ್ದ. ಆಕೆ ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅಕ್ಕ ತಮ್ಮನಿಗೆ ಮಾತು ಬಿಟ್ಟು ಹೋಗಿ ಬಹಳ ವರ್ಷವಾಗಿತ್ತು. ಸಾವುಕಾರನ ಮಗಳ ನಿಶ್ಚಯದ ದಿನ ಬೀಗರೆಲ್ಲ ಕೂತಾಗ ಯಮನೂರಮ್ಮ ಸಂತೋಷ ತಡೆಯಲಾರದೆ ಹಳೆಯ ಸುದ್ದಿ ತೆಗೆದಿದ್ದಳು. ಈ ವಿರುಪ ಸಣ್ಣವನಿದ್ದಾಗ ಕಣ್ಣು ತಪ್ಪಿಸಿ ಓಡುತ್ತಿದ್ದನಂತೆ. ಒಮ್ಮೆ ಯಾರದೋ ದನದ ಕೊಟ್ಟಿಗೆಯಲ್ಲಿ ಅಳುತ್ತ ಕೂತಿದ್ದನಂತೆ. ಅದಕ್ಕೇ ಆಕೆ ಅವನ ಉಡದಾರಕ್ಕೆ ಗೆಜ್ಜೆ ಕಟ್ಟಿಬಿಟ್ಟಳಂತೆ, ಎಲ್ಲಿ ಹೋದರೂ ಸಪ್ಪಳ ಕೇಳಲಿ ಎಂದು. ಬೀಗರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಬೀಗರ ಊರಿನಲ್ಲಿ ಅವನಿಗೆ ಗೆಜ್ಜಿ ಸಾವುಕಾರ ಎಂದೇ ಹೆಸರು. ಲಾರಿ ಮಾಲೀಕನಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದು? "ನಿನ್ನ ಹೊಸ್ತಿಲ ಮುಂದ ಇನ್ನ ನನ್ನ ಚಪ್ಪಲಿ ಕಾಣಂಗಿಲ್ಲ" ಎಂದು ಎಲ್ಲರೆದುರು ಅಂದುಬಿಟ್ಟ. ಅಂದದ್ದಕ್ಕೆ ಆಮೇಲೆ ಅವನೂ ಮರುಗಿದ್ದ. ಆದರೆ ಮರುಗಿದ್ದನ್ನು ತೋರಿಸುವುದು ಅವನಿಗೆ ಗೊತ್ತಿರಲಿಲ್ಲ.

ಈಗ ನುಚ್ಚಿನ ಆಸೆಗೆ ಯಲಬುರ್ಗಾದ ಒಬ್ಬ ಬಂದು ಹೇಳಿದ: "ಸಾವ್ಕಾರ್ರ, ಗಿಳಿ ಲಾರಿ ಬಸ್ಸಿನ ದಾರಿಯಾಗ ಒಂದು ಹೊಸಾ ಹಂಚಿನ ಮನಿ ಮುಂದ ಖಾಯಂ ನಿಲ್ಲತೈತ್ರಿ. ಒಳಗಿಂದ ಒಬ್ಬಾಕಿ ಹೆಣಮಗಳು ಬಂದು ಗಂಟು ಇಸಗೊಂತಾಳ."

ಯಮನೂರಮ್ಮ ಹಂಚಿನ ಮನೆ ಕಟ್ಟಿಸಿದ್ದು ಈಚೆಗೆ. ಆ ಮನೆಯನ್ನು ಸಾವುಕಾರ ಕಂಡೇ ಇರಲಿಲ್ಲ. ಅವನಿಗೆ ಕಂಡದ್ದು ಮುದಿಯಪ್ಪನ ಕಳ್ಳತನ ಮಾತ್ರ.

"ನನ್ನ ಅಕ್ಕಿ ಒಯ್ದು ಯಾವಾಕಿಗೋ ಕೊಡಾಕತ್ಯಾನ! ನಾಳಿಗಿ ನಾನ ಹೋಗಿ ಹಿಡೀತೀನಿ. ಅಲ್ಲೇ ಅವನ ಕೈಯಾಗಿನ ಚಾವಿ ಕಸಗೊಂತೀನಿ."

ಕಸ್ತೂರೆಮ್ಮ ಲೆಕ್ಕ ತಪ್ಪಿ ಸುದ್ದಿ ತಂದವನಿಗೆ ಎರಡು ಸೇರು ನುಚ್ಚು ಅಳೆದುಬಿಟ್ಟಳು. ಬಾಯಿ ಬಿಟ್ಟರೆ ಅಕ್ಕನ ಮನೆಗೆ ಇದ್ದ ಒಂದೇ ದಾರಿಯೂ ಮುಚ್ಚುತ್ತದೆ. ಬಿಡದಿದ್ದರೆ ಮುದಿಯಪ್ಪನ ಕೆಲಸ ಹೋಗುತ್ತದೆ. ಬೇರೆ ಮಾತಿಗೆ ಬಾಯಿ ಸಡಿಲಾದರೂ, ಗಂಟು ಕೊಟ್ಟವಳು ಕಸ್ತೂರೆಮ್ಮ ಎಂದು ಅವನು ಜೀವ ಹೋದರೂ ಹೇಳುವವನಲ್ಲ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಹೇಳಿಯೇ ಬಿಡಬೇಕೆಂದು ಎದ್ದಳು. ಅಷ್ಟರಲ್ಲಿ ಮುದಿಯಪ್ಪ ಲಾರಿ ಬಿಟ್ಟುಕೊಂಡು ಹೋಗಿದ್ದ, ಸಾವುಕಾರ ಮೊದಲ ಬಸ್ಸು ಹತ್ತಿದ್ದ. ಆಕೆಗೆ ಉಳಿದದ್ದು ನುಚ್ಚಿನ ಚೀಲ ಮತ್ತು ಕಟ್ಟೆ.

ಬಿಸಿಲೇರುವ ಹೊತ್ತಿಗೆ ಕನಕಗಿರಿಯಿಂದ ಕಾಯಿಪಲ್ಲೆ ಮಾರುವ ಪಕ್ಕೀರವ್ವ ಬುಟ್ಟಿ ಹೊತ್ತು ಬಂದಳು.

"ಯವ್ವಾ, ಸೇರು ತಗೀರಿ. ಸುದ್ದಿ ತಂದೀನಿ."

"ಯಾವ ಲಾರಿ ನಿಂತಿತ್ತು?"

"ಲಾರಿ ಅಲ್ಲವ್ವಾ, ಸಾವ್ಕಾರ್ರ ನಿಂತಿದ್ರು! ಕನಕಗಿರಿ ಬಸ್‌ಸ್ಟ್ಯಾಂಡಿನಾಗ, ಮಾರಿ ತುಂಬ ಟವಲ್ ಸುತಗೊಂಡು. ಗುರ್ತು ಸಿಗಬಾರದಂತ ಕಾಣ್ತೈತಿ. ನಾವೆಲ್ಲಾ ಹೋಗಿ ಮಾತಾಡಿಸಿ, ಗಿಳಿ ಲಾರಿ ಈಗ ಮುಂದ ಹೋತ್ರಿ ಅಂತ ಹೇಳಿ ಕಳಿಸೀವಿ."

ಕಸ್ತೂರೆಮ್ಮ ಅಂಥ ಕಷ್ಟದಲ್ಲೂ ನಕ್ಕಳು. ಇಡೀ ದಾರಿಗೆ ನುಚ್ಚು ಹಂಚಿದ ಮನುಷ್ಯ ಟವಲ್ ಸುತ್ತಿಕೊಂಡರೆ ಅಡಗಿದಂತಾಯಿತೇ? ಸಾವುಕಾರ ನಿಂತದ್ದಕ್ಕೆ ನುಚ್ಚು ಉಂಟೋ ಇಲ್ಲವೋ ಎಂದು ಪಕ್ಕೀರವ್ವನಿಗೆ ಅನುಮಾನವಿತ್ತು. ಆಕೆ ಕೇಳುವ ಮೊದಲೇ ಕಸ್ತೂರೆಮ್ಮ ಅಳೆದು ಹಾಕಿದಳು.

ಮಧ್ಯಾಹ್ನ ಕುಷ್ಟಗಿಯ ತತ್ತಿ ವ್ಯಾಪಾರಿ ಇಬ್ರಾಹಿಂಸಾಬ ಬಂದ. ಸಾವುಕಾರರು ಕುಷ್ಟಗಿಯಲ್ಲಿ ಮಿರ್ಚಿ ತಿಂದು ನೀರು ಕುಡಿದು ಯಲಬುರ್ಗಾ ಬಸ್ಸು ಹತ್ತಿದರು ಎಂದು ವರದಿ ಒಪ್ಪಿಸಿದ.

"ಮಾರಿ ಹ್ಯಾಂಗಿತ್ತು?"

"ಮಿರ್ಚಿ ಖಾರ ಇತ್ತೋ, ಸಿಟ್ಟಿತ್ತೋ ಗೊತ್ತಾಗಲಿಲ್ರಿ ಅಮ್ಮಾ. ಕೆಂಪಗಿತ್ತು."

ಆಮೇಲೆ ಯಾರೂ ಬರಲಿಲ್ಲ. ಕಸ್ತೂರೆಮ್ಮ ಊಟ ಮಾಡಲಿಲ್ಲ. ಈ ಹೊತ್ತಿಗೆ ಚಾವಿ ಕಸಿದುಕೊಂಡಾಯಿತೇನೋ, ಮುದಿಯಪ್ಪ ಎಲ್ಲಿ ನಿಂತಿದ್ದಾನೋ, ಆ ಮುದುಕಿಗೆ ತಮ್ಮನ ಬೈಗುಳ ಇನ್ನೊಮ್ಮೆ ಕೇಳುವ ಹಣೆಬರಹ ಬಂತೇನೋ ಎಂದು ಜೀವ ಹಿಡಿ ಮಾಡಿಕೊಂಡು ಕೂತಳು. ದಿನವೂ ಬೇಡ ಬೇಡವೆಂದರೂ ಬಂದು ಬೀಳುತ್ತಿದ್ದ ಮಂದಿ, ಬೇಕಾದ ದಿನ ಒಬ್ಬರೂ ಇಲ್ಲ! ಅಲ್ಲಿಯವರೆಗೆ ಗಂಡನ ಚಡಪಡಿಕೆ ನೋಡಿ ನಗುತ್ತಿದ್ದ ಆಕೆಗೆ, ಕಣ್ಣಿಗೆ ಕಾಣದ್ದನ್ನು ಕಾಯುವ ಕಷ್ಟ ಅಂದು ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ ಯಲಬುರ್ಗಾ ಬಸ್ಸಿನ ಕಂಡಕ್ಟರ್ ಫಕ್ರುದ್ದೀನ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ.

"ಅಮ್ಮಾ, ನಂದೂ ಒಂದು ಸೇರು ಬರಕೋರಿ. ಗಿಳಿ ಲಾರಿ ಹಂಚಿನ ಮನಿ ಮುಂದ ನಿಂತಿತ್ತು. ನಮ್ಮ ಬಸ್ಸು ಎದುರಿಗೇ ನಿಲ್ಲತೈತಿ, ಎಲ್ಲಾ ನೋಡೀನಿ."

"ಕೂಡು, ಕೂಡು. ಪೂರಾ ಹೇಳು."

"ಸಾವ್ಕಾರ್ರು ಬಸ್ಸಿನಿಂದ ಇಳಿದ ಕೂಡ್ಲೆ ಟವಲ್ ಒಗದು ಮುದಿಯಪ್ಪನ ಕೊಳ್ಳಪಟ್ಟಿ ಹಿಡದ್ರು. ಅಂವ ಕೈ ಮುಗದು ನಿಂತ, ಪಿಟ್ ಅನಲಿಲ್ಲ. ಅಷ್ಟರಾಗ ಒಳಗಿಂದ ಒಬ್ಬಾಕಿ ಮುದಿಕಿ ಕಾಳು ಕೇರೋ ಮರ ಹಿಡಕೊಂಡು ಹೊರಗ ಬಂದ್ಲು. ಆಕೀನ್ನ ನೋಡಿ ಸಾವ್ಕಾರ್ರು ಕೊಳ್ಳಪಟ್ಟಿ ಬಿಟ್ರು."

"ಏನಂದ್ಲು ಮುದಿಕಿ?"

"ಕೇಳಿಸಲಿಲ್ರಿ, ನಮ್ಮ ಇಂಜಿನ್ ಸಪ್ಪಳ. ಬಸ್ಸಿಗೆ ನೀರು ಹಾಕೋಮಟ ಸಾವ್ಕಾರ್ರು ಅಲ್ಲೇ ಬಿಸಿಲಾಗ ನಿಂತಿದ್ರು. ಒಳಗೂ ಹೋಗವಲ್ರು, ಹೊರಗೂ ಬರವಲ್ರು. ನಾವು ಬಸ್ಸು ತಿರುವಿಕೊಂಡು ಬರೂದ್ರಾಗ ನೋಡ್ತೀನಿ, ಸಾವ್ಕಾರ್ರು ಇಲ್ಲ!"

"ಎಲ್ಲಿ ಹೋಗಿದ್ರು?"

"ಅದ ನನಗೂ ತಿಳೀಲಿಲ್ಲ. ಅವರ ಆ ಕಿರ್ ಕಿರ್ ಅನ್ನೋ ಚಪ್ಪಲಿ ಅಷ್ಟ ಹೊಸ್ತಿಲ ಮುಂದ ಬಿದ್ದಿದ್ವು. ಒಂದು ಈ ಕಡೆ, ಒಂದು ಆ ಕಡೆ. ಯಾರರ ಕದ್ದಾರು ಅಂತ ಎತ್ತಿ ಒಳಗ ಇಡು ಅಂತ ಮುದಿಯಪ್ಪಗ ಹೇಳಿ ಬಂದೀನಿ."

ಕಸ್ತೂರೆಮ್ಮ ಎದ್ದು ಒಳಗೆ ಹೋದಳು. ತಿರುಗಿ ಬಂದು ಫಕ್ರುದ್ದೀನನ ಟವಲ್ಲಿಗೆ ಸುರಿದದ್ದು ಬೀಗರು ಬಂದಾಗ ಬೇಯಿಸಲೆಂದು ಎತ್ತಿಟ್ಟಿದ್ದ ಸಣ್ಣಕ್ಕಿ.

"ಅಮ್ಮಾ, ಇದು ನುಚ್ಚಲ್ರಿ!" ಎಂದ ಅವನು ಗಾಬರಿಯಾಗಿ.

"ನೀ ತಂದ ಸುದ್ದೀನೂ ನುಚ್ಚಲ್ಲಪ್ಪ, ತಗೋ" ಎಂದು ಆಕೆ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಗಿಳಿ ಲಾರಿ ಬಂತು. ಮುದಿಯಪ್ಪನ ಪಕ್ಕದಲ್ಲಿ ಸಾವುಕಾರ ಮಡಿಲಲ್ಲಿ ಚಟ್ನಿ ಡಬ್ಬಿ ಇಟ್ಟುಕೊಂಡು ಕೂತಿದ್ದ. ಇಳಿದವನು ಹೆಂಡತಿಯನ್ನು ಒಂದು ಸಲ ನೋಡಿದ, ಡಬ್ಬಿಯನ್ನು ಒಂದು ಸಲ ನೋಡಿದ.

"ನಿನ್ನ ಕೈ ಭಾಳ ಛಲೋ ಕುಂತೈತಿ" ಎಂದ.

ಕಸ್ತೂರೆಮ್ಮ ನೀರಿನ ತಂಬಿಗೆ ಕೊಟ್ಟಳು. ಅವನು ಕಾಲು ತೊಳೆದು ಕಟ್ಟೆಯ ಮೇಲೆ ಕೂತು, ತನ್ನಷ್ಟಕ್ಕೆ ತಾನೇ ಅಂದಂತೆ ಹೇಳಿದ:

"ಹೋದ ಸೋಮವಾರ ನಾ ಊಟ ಬಿಟ್ಟಿದ್ದು ಅಕ್ಕಗ ಗೊತ್ತೈತಿ. ಮಳಿಗಾಲದಾಗ ಜ್ವರ ಬಂದಿದ್ದು ಗೊತ್ತೈತಿ. ಹಲ್ಲು ಕಿತ್ತಿಸಿದ್ದು, ಅದೂ ಎಡಗಡೆಯದು, ಗೊತ್ತೈತಿ! ಮುದಿಯಪ್ಪನ್ನ ಹಿಡದು ಜಗ್ಗಾಕತ್ತಿದ್ನಲ್ಲ, ಆಕಿ ಏನಂದ್ಲು ಹೇಳು? ಬಿಡೋ ವಿರುಪಾ ಅವನ್ನ, ನಿನ್ನ ಗೆಜ್ಜಿ ನಾ ಎಲ್ಲಿ ಬಿಚ್ಚೀನಿ, ಉಡದಾರದಿಂದ ತಗದು ಈ ಲಾರಿಗಿ ಕಟ್ಟೀನಿ ಅಂದ್ಲು."

ಇಷ್ಟು ಹೇಳಿ ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ. ಒರೆಸುವುದು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಇಷ್ಟು ವರ್ಷ ಮೂರು ಲಾರಿಗಳ ಹಿಂದೆ ಇಡೀ ಸೀಮೆಯನ್ನು ಕಾವಲು ಹಾಕಿದವನು, ತನ್ನನ್ನು ಒಬ್ಬಾಕೆ ಹೀಗೆ ಕಾಯುತ್ತಿದ್ದಾಳೆ ಎಂದು ಕನಸಿನಲ್ಲೂ ನೆನೆಸಿರಲಿಲ್ಲ.

ಮುದಿಯಪ್ಪ ಇನ್ನೂ ಲಾರಿಯ ಬಳಿಯೇ ನಿಂತಿದ್ದ. ದಾರಿಯುದ್ದಕ್ಕೂ ಸಾವುಕಾರ ಕೆಲಸದ ಮಾತು ಎತ್ತಿರಲಿಲ್ಲ. ತನ್ನ ಕೆಲಸ ಇದೆಯೋ ಹೋಯಿತೋ ತಿಳಿಯದೆ, ಅವನು ಚಾವಿಯನ್ನು ಅಂಗೈಯಲ್ಲಿ ಮುಂದೆ ಚಾಚಿ ಹಿಡಿದಿದ್ದ.

"ಅಲ್ಲಿ ಎಷ್ಟೊತ್ತು ನಿಲ್ಲತೀಯೋ ನೀನು?" ಎಂದ ಸಾವುಕಾರ.

"ತಪ್ಪಾತ್ರಿ ಧಣ್ಯಾರ. ಒಂದು ತಾಸ್ರಿ."

"ಒಂದು ತಾಸಿನಾಗ ಏನು ಹೇಳಾಕಾಗತೈತಿ? ಇನ್ನ ಮ್ಯಾಲ ಎರಡು ತಾಸು ನಿಲ್ಲು. ಆಕಿ ಕೇಳಿದ್ದಕ್ಕೆಲ್ಲ ಸಾವಕಾಶ ಹೇಳು. ಚಾವಿ ಕಿಸೆದಾಗ ಇಟಗೋ."

ಮುದಿಯಪ್ಪ ಚಾವಿಯನ್ನು ಕಿಸೆಗೆ ಹಾಕಿಕೊಂಡ. ಸಾವುಕಾರ ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು, ಅವನನ್ನು ಹತ್ತಿರ ಕರೆದು ದನಿ ತಗ್ಗಿಸಿದ.

"ಆದ್ರ ನಾ ಬೀಡಿ ಸೇದೂದು ಮಾತ್ರ ಅಕ್ಕಗ ಹೇಳಬ್ಯಾಡ."

ಮುದಿಯಪ್ಪ ನೆಲ ನೋಡುತ್ತ ತಲೆ ಕೆರೆದುಕೊಂಡ.

"ಅದು ಮೊದಲನೇ ಸಲಾನ ಹೇಳಿಬಿಟ್ಟೀನ್ರಿ, ಧಣ್ಯಾರ."