ಮೂವತ್ತೆಂಟು ಮೆಟ್ಟಿಲು

ಸುಳ್ಳು ಹೇಳಲು ಹೊರಟವನು ಪೂರ್ತಿ ಸುಳ್ಳನ್ನೇ ಹೇಳಿ ಕೈತೊಳೆದುಕೊಳ್ಳಬೇಕು. ನಡುವೆ ಒಂದು ಖಚಿತವಾದ ಸಂಖ್ಯೆಯನ್ನು ತುರುಕಲು ಹೋಗಬಾರದು. ಈ ಮನುಷ್ಯ ಮಾಡಿಕೊಂಡ ಎಡವಟ್ಟು ಅದೇ. ಮಾಡಿಕೊಂಡು ಹನ್ನೊಂದು ವರ್ಷವಾಗಿತ್ತು. ಅದರ ಫಲ ಮಾತ್ರ ನಾಳೆ ಬೆಳಿಗ್ಗೆ ಹತ್ತರ ರೈಲಿನಲ್ಲಿ ಬಂದಿಳಿಯುವುದಿತ್ತು.

ಅವನನ್ನು ಕಾರ್ಖಾನೆಯವರು ತೂಕದ ಸಾಹೇಬರು ಎನ್ನುತ್ತಿದ್ದರು. ಲಾರಿಗಳನ್ನು ಸರಕಿನ ಸಮೇತ ತೂಗುವ ವೇಬ್ರಿಡ್ಜ್ ಸರಿಯಾಗಿದೆಯೇ ಎಂದು ನೋಡಿ, ಸೀಸದ ಮೊಹರು ಹಾಕುವುದು ಅವನ ಕೆಲಸ. ಇಪ್ಪತ್ತು ಕಿಲೋದ ಕಬ್ಬಿಣದ ಗುಂಡುಗಳನ್ನು ಮೊದಲು ನಾಲ್ಕು ಮೂಲೆಗೆ, ಆಮೇಲೆ ನಡುವಿಗೆ ಪೇರಿಸಿ, ಪರದೆಯ ಮೇಲಿನ ಅಂಕಿಯನ್ನೇ ದುರುಗುಟ್ಟಿ ನೋಡುತ್ತ ನಿಲ್ಲುತ್ತಿದ್ದ. ಐದು ಕಿಲೋ ಆಚೀಚೆ ಆದರೂ ಮೊಹರಿಲ್ಲ. ಮ್ಯಾನೇಜರುಗಳು ಕೈಮುಗಿದಿದ್ದಾರೆ, ಹೆದರಿಸಿದ್ದಾರೆ, ಊಟಕ್ಕೆ ಕರೆದಿದ್ದಾರೆ, ಆಸಾಮಿ ಜಗ್ಗಿದವನಲ್ಲ. ಉಳಿದ ಊರುಗಳಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದ. ಈ ಊರಿನ ಕಾರ್ಖಾನೆ ದೊಡ್ಡದು, ವರ್ಷಕ್ಕೆರಡು ಸಲ ಮೂರು ಮೂರು ದಿನ ಇಲ್ಲೇ ಉಳಿಯಬೇಕಾಗುತ್ತಿತ್ತು. ಅದೇ ಲಾಡ್ಜು, ಅದೇ ಹನ್ನೆರಡನೇ ನಂಬರಿನ ಕೋಣೆ.

ಮೊದಲ ಸಲ ಬಂದಾಗ ಅವನ ತಾಯಿ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ಬಿದ್ದು ಸೊಂಟ ಮುರಿದುಕೊಂಡಿದ್ದಳು; ಏಳುವ ಮಾತಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮಗ್ಗುಲು ತಿರುಗಿಸುವುದರಿಂದ ಹಿಡಿದು ಎಲ್ಲವೂ ಹೆಂಡತಿಯ ತಲೆಯ ಮೇಲೆ. ಅಂದು ಸಂಜೆ ಕೆಲಸ ಮುಗಿಸಿ ಒಂದು ಹೋಟೆಲಿನ ಬಾಗಿಲವರೆಗೆ ಹೋದ. ಒಳಗೆ ಮೇಜು ಮೇಜಿಗೂ ಸಂಸಾರ. ಗಂಡಸೊಬ್ಬ ತನ್ನ ತಟ್ಟೆಯಿಂದ ಮೀನಿನ ತುಂಡೊಂದನ್ನು ಹೆಂಡತಿಯ ತಟ್ಟೆಗೆ ದಾಟಿಸುತ್ತಿದ್ದ. ಇವನಿಗೆ ಮನೆ ನೆನಪಾಯಿತು. ಅಲ್ಲಿ ಅವಳು ಒಂದು ಕೈಯಲ್ಲಿ ಬೇಸಿನ್ ಹಿಡಿದಿರುತ್ತಾಳೆ, ಇಲ್ಲಿ ನಾನು ಚಪ್ಪರಿಸಿ ಉಣ್ಣಲೇ ಅನ್ನಿಸಿ ಕಾಲು ಒಳಗೆ ಹೋಗಲಿಲ್ಲ. ಅಂಗಡಿಯಲ್ಲಿ ಬ್ರೆಡ್ಡು, ನಾಲ್ಕು ಬಾಳೆಹಣ್ಣು ಕೊಂಡು ಕೋಣೆಗೆ ಬಂದು, ಮಂಚದ ಮೇಲೆ ಪೇಪರು ಹಾಸಿಕೊಂಡು ತಿಂದ.

ಏಳು ಗಂಟೆಗೆ ಹೆಂಡತಿಯ ಫೋನು ಬಂತು. "ಏನು ಊಟ ಮಾಡಿದ್ರಿ? ಊರು ಹೇಗಿದೆ? ಏನೇನು ನೋಡಿದ್ರಿ, ಹೇಳಿ ನೋಡೋಣ," ಎಂದು ಕೇಳಿದಳು. ಹಿಂದೆ ಅಮ್ಮ ಕೂಗುವುದು ಕೇಳಿಸುತ್ತಿತ್ತು. ಮನೆಯ ಹೊಸ್ತಿಲು ದಾಟಲಾರದವಳು ಅಷ್ಟು ಆಸೆಯಿಂದ ಕೇಳುವಾಗ ಬ್ರೆಡ್ಡು ಬಾಳೆಹಣ್ಣು ಅಂತ ಹೇಳಲು ಬಾಯಿ ಬರುತ್ತದೆಯೇ? ಎದುರಿಗೆ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುಬಿದ್ದಿತ್ತು. ಅದರಲ್ಲಿ ಯಾವುದೋ ಕೆರೆಯ ಚಿತ್ರ. "ಇಲ್ಲೊಂದು ಕೆರೆ ಇದೆ ಕಣೆ," ಎಂದ. "ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಮರದ ಕೆಳಗೆ ಒಂದು ಬೆಂಚು. ಕೂತ್ರೆ ಎದುರಿಗೆ ಬರೀ ನೀರು." ಎಷ್ಟು ಮೆಟ್ಟಿಲು ಅಂತ ಅವಳು ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಸುಮಾರು ಅಂದು ಬಿಡುತ್ತಿದ್ದರು. ಇವನು ಎದ್ದು ಹೋಗಿ, ಕ್ಯಾಲೆಂಡರಿಗೆ ಮೂಗು ತಾಗಿಸಿ, ಒಂದೊಂದೇ ಎಣಿಸಿ, ಮೂವತ್ತೆಂಟು ಎಂದ. ಇಲ್ಲದ ಕೆರೆಗೂ ಅಳತೆ ತಪ್ಪಬಾರದು, ನೋಡಿ, ಅಂಥ ಪ್ರಾಮಾಣಿಕ!

ಆಮೇಲೆ ಹೇಳಬೇಕೇ? ಸುಳ್ಳಿಗೆ ಕೈಕಾಲು ಬಂದವು. ಎರಡನೇ ಸಲಕ್ಕೆ ಐದು ಮೇಜಿನ ಹೋಟೆಲೊಂದು ಹುಟ್ಟಿತು; ಮೂರನೇ ಸಲಕ್ಕೆ ಅದರ ಯಜಮಾನಿ, ಬೇಡವೆಂದರೂ ಇನ್ನೊಂದು ಸೌಟು ಸಾರು ಸುರಿಯುವವಳು. ವರ್ಷಕ್ಕೆ ಆರು ಸಂಜೆ ಅವನು ಬ್ರೆಡ್ಡು ತಿಂದು ಔತಣದ ಸುದ್ದಿ ಹೇಳಿದ. ಫೋನಿಟ್ಟ ಮೇಲೆ ಕೋಣೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ ನಲ್ಲಿಯ ತೊಟ್ಟುಗಳನ್ನು ಎಣಿಸುತ್ತ ಮಲಗುತ್ತಿದ್ದ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ಒಂದು ನರಪಿಳ್ಳೆಯೂ ಇರಲಿಲ್ಲ. ಪರಿಚಯ ಮಾಡಿಕೊಳ್ಳಲು ಅವನೂ ಹೋಗಲಿಲ್ಲ.

ನಾಲ್ಕು ತಿಂಗಳ ಹಿಂದೆ ತಾಯಿ ತೀರಿಕೊಂಡಳು. ಬಂದವರೆಲ್ಲ ಹೋದ ಮೇಲೆ, ಖಾಲಿ ಹಾಸಿಗೆಯನ್ನು ಮಡಚುತ್ತ ಹೆಂಡತಿ ಒಂದು ಮಾತು ಹೇಳಿದಳು. "ಅತ್ತೆ ಬಯ್ದಾಗ, ಕಿರುಚಿದಾಗ, ನನಗೆ ಎಲ್ಲ ಬಿಟ್ಟು ಓಡಿಹೋಗ್ಬೇಕು ಅನ್ನಿಸ್ತಿತ್ತು. ಆವಾಗ ಕಣ್ಣು ಮುಚ್ಕೊಂಡು ನಿಮ್ಮ ಆ ಮೆಟ್ಟಿಲು ಹತ್ತುತ್ತಿದ್ದೆ. ಒಂದು, ಎರಡು ಅಂತ ಮೂವತ್ತೆಂಟರ ತನಕ. ಬೆಂಚಿನ ಮೇಲೆ ಕೂತ್ರೆ ಸಿಟ್ಟು ಇಳೀತಿತ್ತು. ಮುಂದಿನ ಸಲ ನಾನೂ ಬರ್ತೀನಿ ರೀ. ಅಲ್ಲಿ ಒಂದು ಸಲ ಕೂರ್ಬೇಕು."

ಅವನು ಆಗಲೇ ಹೇಳಿಬಿಡಬಹುದಿತ್ತು. ಹನ್ನೊಂದು ವರ್ಷ ಅವಳು ಜೀವ ಹಿಡಿದುಕೊಂಡ ಜಾಗ ಲಾಡ್ಜಿನ ಕ್ಯಾಲೆಂಡರಿನಲ್ಲಿತ್ತು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಹೂಂಗುಟ್ಟಿದ.

ಈಗ ನಾಳೆ ಬರುತ್ತಾಳೆ. ಮಧ್ಯಾಹ್ನಕ್ಕೆ ಕಾರ್ಖಾನೆಯ ಕೆಲಸ ಮುಗಿಸಿದವನೇ ನೇರ ಲಾಡ್ಜಿನ ಮ್ಯಾನೇಜರ ಮುಂದೆ ನಿಂತ. ಮ್ಯಾನೇಜರು ದಪ್ಪ ಕನ್ನಡಕದ ಮುದುಕ.

"ಈ ಊರಲ್ಲಿ ಕೆರೆ ಇದೆಯಾ?"

ಮುದುಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಹನ್ನೊಂದು ವರ್ಷದಿಂದ ಬರ್ತಿದ್ದೀರಿ. ಕೋಣೆಗೆ ಹೋದ್ರೆ ಬೆಳಿಗ್ಗೆ ತನಕ ಹೊರಗೆ ತಲೆ ಹಾಕಿದವರಲ್ಲ. ಇವತ್ತು ಕೆರೆ ಬೇಕಾಯ್ತಾ?"

"ಇದೆಯೋ ಇಲ್ವೋ ಹೇಳಿ."

"ಕೆರೆ ಇಲ್ಲ. ಕುಡಿಯೋ ನೀರಿನ ದೊಡ್ಡ ಹೊಂಡ ಇದೆ, ದಿಬ್ಬದ ಮೇಲೆ. ಹತ್ತೋದಕ್ಕೆ ಮೆಟ್ಟಿಲಿದೆ. ನೋಡೋಕೆ ಯಾರೂ ಹೋಗಲ್ಲ."

"ಐದು ಮೇಜಿನ ಹೋಟೆಲು?"

"ಅಂಚೆ ಕಚೇರಿ ಹಿಂದೆ ಒಂದಿದೆ. ಮೇಜು ಯಾರು ಎಣಿಸಿದ್ದಾರೆ?"

ಎಣಿಸಲು ಇವನೇ ಹೋದ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಅಂದು ಮಧ್ಯಾಹ್ನ ಆ ಊರನ್ನೆಲ್ಲ ಸುತ್ತಿದ. ಇಷ್ಟು ವರ್ಷ ಸ್ಟೇಷನ್ನು, ಲಾಡ್ಜು, ಕಾರ್ಖಾನೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಟೈಲರ್ ಅಂಗಡಿಯ ಮುಂದೆ ಮೂವರು ಮುದುಕರು ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದರು. ಒಂದು ಗಲ್ಲಿಯ ತುಂಬ ಗಡಿಯಾರ ರಿಪೇರಿಯವರೇ. ಅಲ್ಲಿ ಒಂದು ಗಡಿಯಾರದ ಸಮಯ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಬಹುದಿತ್ತಲ್ಲ, ನಿಜವೇ ಇಷ್ಟು ಚೆನ್ನಾಗಿತ್ತಲ್ಲ ಅನ್ನಿಸಿತು. ನಿಂತು ನೋಡಲು ಪುರುಸೊತ್ತಿರಲಿಲ್ಲ. ಮೆಟ್ಟಿಲು ಕಂಡಲ್ಲೆಲ್ಲ ಹತ್ತಿದ. ಅಂಚೆ ಕಚೇರಿಗೆ ಒಂಬತ್ತು. ಗ್ರಂಥಾಲಯಕ್ಕೆ ಹದಿನಾಲ್ಕು. ರೈಲಿನ ಮೇಲ್ಸೇತುವೆಗೆ ಐವತ್ತೆರಡು, ಅಲ್ಲಿ ಬೆಂಚೂ ಇಲ್ಲ, ನೀರೂ ಇಲ್ಲ.

ಕೊನೆಗೆ ದಿಬ್ಬಕ್ಕೆ ಬಂದ. ಹತ್ತಿದ. ಮೂವತ್ತೊಂದು. ಇಳಿದು ಮತ್ತೆ ಹತ್ತಿದ. ಮೂವತ್ತೊಂದೇ. ಮೂರನೇ ಸಲವೂ ಎಣಿಸಿದ ಎಂದರೆ ನೀವು ನಗಬಹುದು. ಅವನಿಗೆ ಅಳು ಬರುವುದೊಂದು ಬಾಕಿ. ಮೇಲೆ ತಂತಿಬೇಲಿ, ಬೇಲಿಯಾಚೆ ಸಿಮೆಂಟಿನ ದಂಡೆಯ ಹೊಂಡ, ಈಚೆಗೆ ಪಂಪಿನ ಕೋಣೆಯ ಗೋಡೆಗೆ ಒರಗಿದ ಒಂದು ಕಲ್ಲುಚಪ್ಪಡಿ. ಮರದ ಸುಳಿವಿಲ್ಲ. ಚಪ್ಪಡಿಯ ಮೇಲೆ ಕುಸಿದು ಕೂತ. ಐದು ಕಿಲೋ ಕಡಿಮೆ ಬಂದರೆ ಮೊಹರು ಹಾಕದವನಿಗೆ ಏಳು ಮೆಟ್ಟಿಲು ಕಡಿಮೆ ಬಿದ್ದಿತ್ತು.

ಕತ್ತಲಾಗುವ ಮುಂಚೆ ಅಂಚೆ ಕಚೇರಿಯ ಹಿಂದಿನ ಹೋಟೆಲಿಗೆ ಹೋದ. ಮೇಜು ಆರು. ಬಾಗಿಲಲ್ಲಿ ಕಾಲು ಅಂದಿನಂತೆಯೇ ತಡೆಯಿತು. ಏಪ್ರನ್ ಕಟ್ಟಿದ ಯಜಮಾನಿ, ಐವತ್ತರ ಆಚೀಚೆಯ ಗಟ್ಟಿ ಹೆಂಗಸು, "ಒಬ್ರೇನಾ? ಒಳಗೆ ಬನ್ನಿ, ಬಾಗಿಲಲ್ಲಿ ಊಟ ಹಾಕಲ್ಲ," ಎಂದಳು. ಹೋಗಿ ಕಿಟಕಿಯ ಪಕ್ಕ ಕೂತ.

"ಒಂದು ಉಪಕಾರ ಆಗ್ಬೇಕು," ಎಂದ, ಅವಳು ತಟ್ಟೆ ಇಡುವಾಗ. "ನಾಳೆ ನನ್ನ ಹೆಂಡತಿ ಬರ್ತಾಳೆ. ನನ್ನ ಗುರುತಿರೋ ಹಾಗೆ ಮಾತಾಡ್ತೀರಾ?"

"ಎಷ್ಟು ವರ್ಷದ ಗುರುತು?"

"ಹನ್ನೊಂದು."

"ನಾನು ಈ ಹೋಟೆಲು ತೆಗೆದು ನಾಲ್ಕು ವರ್ಷ ಆಯ್ತು," ಎಂದಳು ಯಜಮಾನಿ. ನಗಲಿಲ್ಲ, ಬಯ್ಯಲೂ ಇಲ್ಲ. "ಸುಳ್ಳು ಹೇಳೋದು ನನ್ನ ಕೈಲಾಗಲ್ಲಪ್ಪ. ಇವತ್ತು ಹೊಟ್ಟೆ ತುಂಬ ಉಣ್ಣಿ. ನಾಳೆ ಬಂದಾಗ ನಿನ್ನೆ ಬಂದಿದ್ರಿ ಅಂತ ಹೇಳ್ತೀನಿ, ಅದು ನಿಜಾನೇ ಅಲ್ವಾ?"

ಅನ್ನ ಬಿಸಿಯಾಗಿತ್ತು, ಸಾರು ಖಾರವಾಗಿತ್ತು. ಅಷ್ಟು ಒಳ್ಳೆಯ ಊಟವನ್ನು ಒಂಟಿಯಾಗಿ ಉಂಡು ಮುಗಿಸುವುದು ಕಷ್ಟವಾಯಿತು. ಏಳಕ್ಕೆ ಹೆಂಡತಿ ಫೋನು ಮಾಡಿದಾಗ ಮೊದಲ ಸಲ ಅವನ ಬಳಿ ಹೇಳಲು ನಿಜವಿತ್ತು. ಅವಳು ಊಟದ ವಿಷಯ ಕೇಳಲೇ ಇಲ್ಲ. "ಬೆಳಿಗ್ಗೆ ಇಳಿದ ಕೂಡ್ಲೇ ಮೊದಲು ಕೆರೆಗೆ," ಎಂದಳು.

ಹತ್ತರ ರೈಲು ಹತ್ತೂಕಾಲಿಗೆ ಬಂತು. ಹೊಸ ಚಪ್ಪಲಿ ಹಾಕಿಕೊಂಡು, ಒಂದು ಸಣ್ಣ ಬ್ಯಾಗು ಹಿಡಿದು ಅವಳು ಇಳಿದಳು. ಹನ್ನೊಂದು ವರ್ಷದಲ್ಲಿ ಅವಳು ಊರು ಬಿಟ್ಟು ಬಂದದ್ದು ಇದೇ ಮೊದಲು. ಮನೆಯೊಳಗೆ ದಿನವೂ ನೋಡುವ ಹೆಂಡತಿ ಈ ಬಯಲಲ್ಲಿ ಇಷ್ಟು ಬಡವಾಗಿ ಕಾಣುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆಯುವುದು, ಟೈಲರ್ ಅಂಗಡಿಯನ್ನೋ ಗಡಿಯಾರದ ಗಲ್ಲಿಯನ್ನೋ ತೋರಿಸುವುದು, ಇದೇ ಆಯಿತು.

ದಿಬ್ಬದ ಕೆಳಗೆ ಅವಳು ನಿಂತು ಮೇಲೆ ನೋಡಿದಳು. ಸೆರಗು ಸರಿಮಾಡಿಕೊಂಡು, "ಒಂದು," ಎಂದಳು.

ಹದಿನೈದಕ್ಕೆ ಮಂಡಿ ಹಿಡಿಯಿತು. ಕಂಬಿ ಹಿಡಿದು ಸುಧಾರಿಸಿಕೊಂಡಳು.

"ಇಲ್ಲಿ ಕೇಳು, ನಾನು ನಿಂಗೆ ಒಂದು..."

"ಮಾತಾಡಿಸ್ಬೇಡಿ ರೀ, ಲೆಕ್ಕ ತಪ್ಪುತ್ತೆ."

ಇಪ್ಪತ್ತು, ಇಪ್ಪತ್ತೈದು. ಅವನು ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿ. "ಮೂವತ್ತೊಂದು," ಎಂದು ಅವಳು ಕಾಲೆತ್ತಿದಳು. ಮುಂದೆ ಮೆಟ್ಟಿಲಿರಲಿಲ್ಲ. ಎತ್ತಿದ ಕಾಲನ್ನು ಹಾಗೇ ಇಳಿಸಿ ನಿಂತಳು. ಬೇಲಿ ನೋಡಿದಳು, ಪಂಪಿನ ಕೋಣೆ ನೋಡಿದಳು, ಮರವಿಲ್ಲದ ಆಕಾಶ ನೋಡಿದಳು. ಅವಳ ಬೆನ್ನು ಅವನ ಕಡೆಗಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

ಆಮೇಲೆ ಅವಳು ಸಮತಟ್ಟು ನೆಲದ ಮೇಲೆ ಒಂದು ಹೆಜ್ಜೆ ಇಟ್ಟಳು. "ಮೂವತ್ತೆರಡು," ಎಂದಳು ಮೆಲ್ಲಗೆ. ಇನ್ನೊಂದು ಹೆಜ್ಜೆ. ಕಲ್ಲುಚಪ್ಪಡಿಯ ಕಡೆಗೆ ಹೀಗೇ ಎಣಿಸುತ್ತ ನಡೆದಳು. ಅಳತೆಯವನ ಕಣ್ಣಿಗೆ ಕಾಣದೇ ಇರುತ್ತದೆಯೇ? ಕೊನೆಯ ಎರಡು ಹೆಜ್ಜೆಗಳು ಗೇಣುದ್ದವೂ ಇರಲಿಲ್ಲ. "ಮೂವತ್ತೆಂಟು," ಎಂದು ಚಪ್ಪಡಿಯ ಮೇಲೆ ಕೂತಳು.

ಅವನು ಎದುರಿಗೆ ನಿಂತೇ ಎಲ್ಲವನ್ನೂ ಹೇಳಿದ. ಕ್ಯಾಲೆಂಡರು, ಬ್ರೆಡ್ಡು, ಬಾಳೆಹಣ್ಣು, ಹನ್ನೆರಡನೇ ನಂಬರಿನ ಕೋಣೆ, ಒಂದನ್ನೂ ಬಿಡಲಿಲ್ಲ. ಅವಳು ನೀರನ್ನೇ ನೋಡುತ್ತ ಕೇಳಿದಳು.

"ಊಟದ್ದು ಸುಳ್ಳು ಅಂತ ಗೊತ್ತಿತ್ತು," ಎಂದಳು. "ಮನೇಲಿ ಉಂಡ್ರೆ ನಿಮ್ಮ ಅಂಗಿ ಮೇಲೆ ಸಾರು ಬೀಳದ ದಿನ ಇಲ್ಲ. ಇಲ್ಲಿಂದ ಬಂದ ಅಂಗಿಗಳಲ್ಲಿ ಒಂದೇ ಒಂದು ಕಲೆ ಇರ್ತಿರಲಿಲ್ಲ. ಒಗೆಯೋಳು ನಾನಲ್ವಾ?"

"ಗೊತ್ತಿದ್ದೂ ಯಾಕೆ ಕೇಳ್ತಿದ್ದೆ?"

"ಇನ್ನೇನು ಕೇಳ್ಬೇಕಿತ್ತು? ಆ ಮನೇಲಿ ನನ್ನ ಹತ್ರ ಮಾತಾಡೋಕೆ ಯಾರಿದ್ರು?" ಅವಳ ದನಿ ಒಡೆಯಿತು. "ಮೆಟ್ಟಿಲು ಮಾತ್ರ ನಿಜ ಅಂದ್ಕೊಂಡಿದ್ದೆ ರೀ. ಲೆಕ್ಕ ಹೇಳಿದ್ರಲ್ಲ, ನೀವು ಲೆಕ್ಕದಲ್ಲಿ ಸುಳ್ಳು ಹೇಳೋರಲ್ಲ ಅಂತ."

ಅವನು ಹೋಗಿ ಅವಳ ಪಕ್ಕ ಕೂತ. ತಾನು ಕೋಣೆಯಲ್ಲಿ ನಲ್ಲಿಯ ತೊಟ್ಟು ಎಣಿಸುತ್ತಿದ್ದ ಹೊತ್ತಿಗೆ ಅವಳು ಅಲ್ಲಿ ಕಣ್ಣು ಮುಚ್ಚಿ ಮೆಟ್ಟಿಲು ಎಣಿಸುತ್ತಿದ್ದಳು. ಇಬ್ಬರೂ ಒಂಟಿಯಾಗಿದ್ದರು. ಫೋನಿನಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದ್ದರು. ಬೇಲಿಯಾಚೆ ಪಂಪು ಸದ್ದು ಮಾಡಿ ಶುರುವಾಯಿತು, ನೀರು ಅಲುಗಿತು. ಬಿಸಿಲು ಏರುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.

"ಹಸಿವಾಗ್ತಿದೆ," ಎಂದು ಅವಳೇ ಎದ್ದಳು.

ಹೋಟೆಲಿನಲ್ಲಿ ಯಜಮಾನಿ ಇಬ್ಬರನ್ನೂ ನೋಡಿ, "ನಿನ್ನೆ ಕೂತ ಜಾಗದಲ್ಲೇ ಕೂತ್ಕೊಳ್ಳಿ," ಎಂದು ಕಿಟಕಿಯ ಪಕ್ಕದ ಮೇಜು ಒರೆಸಿದಳು. ಹೆಂಡತಿ ಅವನ ಮುಖ ನೋಡಿದಳು. "ನಿನ್ನೆ ಮಾತ್ರ ಬಂದಿದ್ದೆ," ಎಂದ ಅವನು. "ಒಂದೇ ಸಲ."

ಎರಡು ತಟ್ಟೆ ಬಂತು. ಮೊದಲ ತುತ್ತಿಗೇ ಸಾರು ಅವನ ಅಂಗಿಯ ಜೇಬಿನ ಮೇಲೆ ಬಿತ್ತು. ಗಡಿಬಿಡಿಯಲ್ಲಿ ನೀರು ಹಚ್ಚಿ ಒರೆಸಿಕೊಳ್ಳಲು ಹೋದ. ಅವಳು ಅವನ ಕೈ ಹಿಡಿದು ಕೆಳಗಿಳಿಸಿದಳು.

"ಇರಲಿ ಬಿಡಿ," ಎಂದಳು. "ಮನೆಗೆ ಹೋದ ಮೇಲೆ ನಾನು ಒಗೀತೀನಿ."