ಬಸವಣ್ಣನಿಗೆ ಬೆಲ್ಟು

ತೌಹೀದ ಸರಕು ಬಿಗಿಯುವ ಬೆಲ್ಟನ್ನು ಬಸವಣ್ಣನ ಬೆನ್ನಿನ ಮೇಲಿಂದ ಆಚೆ ಎಸೆಯಬೇಕು ಅನ್ನುವಷ್ಟರಲ್ಲಿ ಅಂದಾನಪ್ಪ ಕೈ ಅಡ್ಡ ಹಿಡಿದ.

"ಬ್ಯಾಡ ತಮ್ಮಾ. ಕಟ್ಟಿಕೊಂಡು ಒಯ್ಯಾಕ ಅಂವೇನು ಕಳ್ಳನೇನು?"

ಕ್ರೇನಿನವನು ಆಗಲೇ ಹೊರಟುಹೋಗಿದ್ದ. ಬೆಟಗೇರಿಯ ಶಿಲ್ಪಿಯ ಅಂಗಳದಲ್ಲಿ, ತೌಹೀದನ ಸಣ್ಣ ಲಾರಿಯೊಳಗೆ, ಕರಿಕಲ್ಲಿನ ಬಸವಣ್ಣ ಜೋಳದ ಕಣಿಕೆಯ ಹಾಸಿನ ಮೇಲೆ ನಾಲ್ಕೂ ಕಾಲು ಮಡಚಿ ಕೂತಿದ್ದ. ನಾಳೆ ಬೆಳಗಾದರೆ ಹಿರೇವಡ್ಡಟ್ಟಿಯಲ್ಲಿ, ಅಂದಾನಪ್ಪನ ಹೊಲದ ಗುಡಿಯಲ್ಲಿ ಪ್ರತಿಷ್ಠಾಪನೆ. ಅವನೂ ಹೆಂಡತಿ ಬನಶಂಕರೆವ್ವನೂ ಕರೆದೊಯ್ಯಲು ಬಂದಿದ್ದರು. ತೌಹೀದ ಚಪ್ಪಲಿ ಕೆಳಗೆ ಬಿಟ್ಟೇ ಲಾರಿ ಹತ್ತಿದ್ದ. ಮೂರ್ತಿಯ ಸುತ್ತ ಕಟ್ಟಿಗೆ ತುಂಡು ಕೊಟ್ಟು ಮೊಳೆ ಹೊಡೆದಿದ್ದ. ಇನ್ನು ಉಳಿದದ್ದು ಬೆಲ್ಟು ಬಿಗಿಯುವುದೊಂದೇ.

"ಬ್ರೇಕ್ ಹೊಡದ್ರ ಕಲ್ಲು ನಿಲ್ಲೂದಿಲ್ರಿ ಅಜ್ಜಾರ. ಸೀದಾ ನಮ್ಮ ಬೆನ್ನಿಗೇ ಬರತೈತಿ."

"ನಾ ಹಿಂದ ಕುಂತು ಹಿಡಕೊಂಡು ಬರತೀನಿ."

ಕೆಳಗೆ ನಿಂತಿದ್ದ ಬನಶಂಕರೆವ್ವ ನಕ್ಕಳು. "ಉಟ್ಟ ಧೋತರಾ ಹಿಡಕೊಳ್ಳಾಕ ಆಗೂದಿಲ್ಲ, ಬಸವಣ್ಣನ್ನ ಹಿಡೀತಾರಂತ."

ತೌಹೀದನಿಗೆ ನಗು ಬರಲಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲಾಗಿದ್ದರೆ ಇಷ್ಟೊತ್ತಿಗೆ ಬಿಗಿದು ಊರು ದಾಟಿರುತ್ತಿದ್ದ. ಇಲ್ಲಿ ಅವರ ದೇವರು, ಕಟ್ಟುವವನು ತಾನು. ಗೇಟಿನ ಬಳಿ ಯಾರೋ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಬಲವಂತ ಮಾಡಿ ಕಟ್ಟಿದರೆ ನಾಳೆ ಅದು ಏನಾಗಿ ಯಾರ ಕಿವಿಗೆ ಮುಟ್ಟೀತು? ಕಟ್ಟದೆ ಹೊರಟರೆ ಈ ಎರಡು ಮುದಿಜೀವಗಳು ತನ್ನ ಪಕ್ಕದಲ್ಲೇ ಕೂತಿರುತ್ತವೆ, ಬೆನ್ನ ಹಿಂದೆ ಆ ಕಲ್ಲು. ಅವನು ಬೆಲ್ಟನ್ನು ಕೆಳಗಿಟ್ಟ.

"ಬೈಯೂದಿದ್ರ ಬೈರಿ ಅಜ್ಜಾರ. ಕಟ್ಟದ ನಾ ಗಾಡಿ ಬಿಡೂದಿಲ್ಲ."

ಬನಶಂಕರೆವ್ವ ಹಲಗೆಯ ಮೇಲಿಂದ ನಿಧಾನ ಹತ್ತಿ ಬಂದು ಬಸವಣ್ಣನ ಡುಬ್ಬದ ಮೇಲೆ ಕೈಯಿಟ್ಟಳು.

"ಸ್ವಾಮಿಗೋಳು ನಾಳೆ ಪೂಜಿ ಮಾಡಿದ ಮ್ಯಾಲ ಇಂವ ದೇವ್ರು. ಇವತ್ತ ನಾವು ಸಂತ್ಯಾಗ ಕೊಂಡ ಎತ್ತು ಇದ್ದಂಗ. ಹೊಸಾ ಎತ್ತು ತರುವಾಗ ನೀವು ಹಗ್ಗಾ ಹಾಕದ ತಂದದ್ದೈತೇನು?"

ಅಂದಾನಪ್ಪ ಮೂರ್ತಿಯ ಮುಖವನ್ನೇ ನೋಡಿದ. ಅದರ ಕೊರಳು ಸವರಿ, "ಕೊಳ್ಳಿಗೆ ಮಾತ್ರ ಬ್ಯಾಡ," ಅಂದ.

"ಕೊಳ್ಳಿಗೆ ಯಾರು ಹಾಕ್ತಾರ್ರಿ? ಡುಬ್ಬದ ಹಿಂದೊಂದು, ಎದಿ ಮುಂದೊಂದು," ಅಂದ ತೌಹೀದ.

ಅವನು ಕಲ್ಲಿನ ಅಂಚಿಗೆ ಕೊಡಲು ಗೋಣಿಚೀಲ ಮಡಚುತ್ತಿದ್ದ. ಅಂದಾನಪ್ಪ ಅದನ್ನು ಸರಿಸಿ ತನ್ನ ಹೆಗಲಿನ ಕಂಬಳಿ ಕೊಟ್ಟ. "ಗೋಣಿ ಒರಟು. ಉಜ್ಜತೈತಿ."

"ಕಲ್ಲಿಗೇನ್ರಿ?"

"ಎತ್ತಿಗೆ."

ಬೆಲ್ಟು ಹಾಸಿ, ಕೊಕ್ಕೆ ಸಿಕ್ಕಿಸಿ, ತೌಹೀದ ಬೆಲ್ಟು ಬಿಗಿಯುವ ಹಿಡಿಕೆಯನ್ನು ಮುದುಕನ ಕೈಗೇ ಕೊಟ್ಟ. ಅಂದಾನಪ್ಪ ಅದರ ಹಲ್ಲುಚಕ್ರ ಒಂದೊಂದೇ ಹಲ್ಲು ಸರಿಯುವಂತೆ ಎಳೆದ. ಪ್ರತಿ ಎಳೆತಕ್ಕೂ ನಿಂತು, ಬಾಗಿ, ಕಲ್ಲಿನ ಕಿವಿಯ ಹತ್ತಿರ, "ಬಿಗಿ ಆತೇನೋ?" ಎಂದು ಕೇಳಿದ. ಸಾಕೆನ್ನುವುದನ್ನು ತೌಹೀದನೇ ಹೇಳಬೇಕಾಯಿತು.

ಮುಂಡರಗಿ ರಸ್ತೆಯ ಒಂದು ತಿರುವಿನಲ್ಲಿ ಕುರಿಹಿಂಡೊಂದು ಜಾಲಿಗಿಡದ ಮರೆಯಿಂದ ಒಮ್ಮೆಲೇ ರಸ್ತೆಗೆ ಇಳಿಯಿತು. ತೌಹೀದ ಬ್ರೇಕಿನ ಮೇಲೆ ನಿಂತೇಬಿಟ್ಟ. ಟೈರುಗಳು ಕಿರುಚಿದವು. ಬೆನ್ನ ಹಿಂದೆ ಬೆಲ್ಟು ನರಳಿದ ಸದ್ದು ಮೂವರಿಗೂ ಕೇಳಿಸಿತು. ಆಮೇಲೆ ಏನೂ ಇಲ್ಲ. ಕುರಿಗಳು ಲಾರಿಯನ್ನು ಸವರಿಕೊಂಡು ದಾಟಿದವು.

ತೌಹೀದ ಸ್ಟೇರಿಂಗಿಗೆ ಹಣೆ ಹಚ್ಚಿದ. ಬನಶಂಕರೆವ್ವ ಅವನ ಬೆನ್ನು ನೀವಿದಳು. "ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ."

ಅಂದಾನಪ್ಪ ಇಳಿದು ಹೋಗಿ ಹಿಂದೆ ಹತ್ತಿದ. ತೌಹೀದ ಕನ್ನಡಿಯಲ್ಲಿ ನೋಡಿದ. ಮುದುಕ ಕಂಬಳಿಯ ಅಡಿಗೆ ಕೈ ಹಾಕಿ, ನೊಗದ ಹುಣ್ಣು ಹುಡುಕುವಂತೆ ಸವರಿದ. ಮತ್ತೆ ಕೆಳಗಿಳಿದು ರಸ್ತೆಬದಿಯ ಹಸಿ ಕರಿಕೆ ಹುಲ್ಲು ಕಿತ್ತು, ಮಣ್ಣು ಝಾಡಿಸಿ, ಬಸವಣ್ಣನ ಬಾಯಿಯ ಮುಂದೆ ಇಟ್ಟು, ಬಂದು ಕೂತ.

"ಹೋಗೂಣ್ರೇನು?" ಅನ್ನಲು ಬಾಯಿ ತೆರೆದ ತೌಹೀದ ಕೀಲಿಯಿಂದ ಕೈ ತೆಗೆದ. ಎತ್ತು ಅಷ್ಟು ಹುಲ್ಲು ಮೇಯಲು ಬೇಕಾಗುವಷ್ಟು ಹೊತ್ತು, ಅವನು ಗಾಡಿ ಚಾಲೂ ಮಾಡಲಿಲ್ಲ.