ಮೊಸಳೆಗೆ ಯಾರೂ ಇಲ್ಲ

ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಕತ್ತಿ ತರುತ್ತಿದ್ದ ಕ್ಷೌರದವನು ಅಭ್ಯಾಸಬಲದಿಂದ, "ಅಣ್ಣಾ, ಒಂದು ಡೌಟು..." ಎಂದುಬಿಟ್ಟ.

ಕತ್ತಿ ಗಾಳಿಯಲ್ಲೇ ನಿಂತಿತು. ಇಪ್ಪತ್ತಮೂರು ವರ್ಷದಿಂದ ಪ್ರತಿ ಶನಿವಾರ ಈ ಮಾತಿಗೆ ಈ ಮುಖ ಕನ್ನಡಿಯೊಳಗಿಂದ ಒಂದು ಹುಬ್ಬನ್ನು ಮೇಲೇರಿಸುತ್ತಿತ್ತು. ಇವತ್ತು ಎದುರಿಗೆ ಕನ್ನಡಿ ಇರಲಿಲ್ಲ, ಹುಬ್ಬೂ ಏಳಲಿಲ್ಲ.

"ಕೇಳಿಬಿಡಿ," ಎಂದಳು ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದ ಮಗಳು. "ಪ್ರಶ್ನೆ ಅರ್ಧಕ್ಕೆ ಬಿಟ್ರೆ ಅಪ್ಪನಿಗೆ ಆಗ್ತಿರ್ಲಿಲ್ಲ."

"ಏನಿಲ್ಲಮ್ಮ. 'ಉಕ್ಕಿನ ಅಳಿಯ' ಅಂತ ಹೊಸ ಪೈಲ್ವಾನ್ ಬಂದಿದ್ದಾನಲ್ಲ, ಅವನಿಗಿನ್ನೂ ಮದುವೇನೇ ಆಗಿಲ್ವಂತೆ. ಮತ್ತೆ ಅಳಿಯ ಹೆಂಗಾದ ಅಂತ."

"ಅಪ್ಪ ಏನಂತಿದ್ರು?"

ಕ್ಷೌರದವನು ಗಂಟಲು ಸರಿಮಾಡಿಕೊಂಡ. ಊರಲ್ಲಿರುವ ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು. ಮೂಗಿನಿಂದ ಶುರುವಾಗಿ ನಗುವಿನಲ್ಲಿ ಮುಗಿಯುತ್ತಿದ್ದ ಈ ದನಿಯಂತೂ ಅವನ ಅಂಗಡಿಯ ಗಿರಾಕಿಗಳಿಗೆಲ್ಲ ಬಾಯಿಪಾಠ. ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಇವತ್ತು ಬರಲ್ಲಮ್ಮ," ಎಂದು ಕತ್ತಿಯನ್ನು ನೀರಿಗೆ ಅದ್ದಿದ.

ಸತ್ತವನು ಕ್ರೀಡಾ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಐದಡಿ ಎರಡಂಗುಲದ ಆಳು. ಒತ್ತಕ್ಷರ ಬಿಟ್ಟು ಬೇರೆ ಯಾರನ್ನೂ ಜೀವಮಾನದಲ್ಲಿ ಒತ್ತಿ ಹಿಡಿದವನಲ್ಲ. ಆದರೆ ಮೂವತ್ತೊಂದು ವರ್ಷ ಅದೇ ಪತ್ರಿಕೆಯ ಹನ್ನೊಂದನೇ ಪುಟದಲ್ಲಿ 'ಹಗ್ಗದ ಈಚೆ' ಎಂಬ ಅಂಕಣ ಬರೆದಿದ್ದ. ರಿಂಗಿನ ಕುಸ್ತಿಯ ಬಗ್ಗೆ ಅಭಿಮಾನಿಗಳು ಕೇಳುತ್ತಿದ್ದರು, ಇವನು ಹೇಳುತ್ತಿದ್ದ. ಯಾರು ಯಾರಿಗೆ ಮೋಸ ಮಾಡಿದರು, ಚಾಂಪಿಯನ್ ಪಟ್ಟಿ ಯಾರ ಸೊಂಟದಿಂದ ಯಾರ ಸೊಂಟಕ್ಕೆ ಹೋಯಿತು, ಮುಖವಾಡದ ಪೈಲ್ವಾನ್ ನೆಗಡಿಯಾದಾಗ ಮೂಗು ಹೇಗೆ ಒರೆಸುತ್ತಾನೆ. ಜನ ಅವನನ್ನು ಉತ್ತರದಣ್ಣ ಎಂದೇ ಕರೆಯುತ್ತಿದ್ದರು. ಇದೆಲ್ಲ ಮೊದಲೇ ಹೊಂದಿಸಿದ ಆಟವೆಂದು ಒಂದೇ ಒಂದು ಸಲವೂ ಅವನು ಬರೆಯಲಿಲ್ಲ. ಅದು ಆ ಕಸುಬಿನ ಕಟ್ಟುಪಾಡು.

ಹೊರಗೆ ರಸ್ತೆಯ ಎರಡೂ ಬದಿಯಲ್ಲಿ ಅರವತ್ತು ಎಪ್ಪತ್ತು ಜನ ನಿಂತಿದ್ದರು. ಕೆಲವರು ತಮ್ಮ ಹೆಸರು ಅಚ್ಚಾಗಿದ್ದ ಹಳೆಯ ಪುಟ ತಂದಿದ್ದರು.

ಕೂದಲು ಬಾಚಿ ಮುಗಿಸಿದ ಕ್ಷೌರದವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿಯನ್ನು ಕೇಳಿದ. "ಅಕ್ಕಾ, ಪೆಟ್ಟಿಗೆ ಹೊರೋಕೆ ಪ್ರೆಸ್ಸಿನವರು ಇಬ್ಬರು, ನಾನೊಬ್ಬ. ಮುಂದಿನ ಬಲಗಡೆ ಯಾರು?"

"ಬರ್ತಾರೆ."

"ಎರಡು ಸುಳಿ ಇರೋರು ಬರ್ತಾರೆ ಅಂದ್ರೆ ಜಾಗ ಖಾಲಿ ಇಟ್ಟಿರ್ತೀನಿ."

ಅವಳು ಗಕ್ಕನೆ ಅವನ ಮುಖ ನೋಡಿದಳು.

"ತಲೆ ನೋಡೋದೇ ನನ್ನ ಕಸುಬಲ್ವಾ ಅಕ್ಕಾ," ಎಂದ ಅವನು ದನಿ ತಗ್ಗಿಸಿ. "ಅಣ್ಣನಿಗೆ ನೆತ್ತಿ ಮೇಲೆ ಎರಡು ಸುಳಿ, ಬಲಗಡೆದು ಉಲ್ಟಾ ತಿರುಗಿದೆ. ಪೈಲ್ವಾನ್ ಮೊಸಳೆ ಒಂದ್ಸಲ ರಿಂಗಿಂದ ಹಾರಿ ನೇರ ನನ್ನ ತೊಡೆ ಮೇಲೇ ಬಿದ್ದ. ತಲೆ ನೋಡ್ತೀನಿ, ಅದೇ ಎರಡು, ಅದೇ ಉಲ್ಟಾ."

"ಯಾರಿಗಾದ್ರೂ ಹೇಳಿದ್ರಾ?"

"ಹೇಳಿದ್ರೆ ಆಟ ಕೆಡಲ್ವಾ? ನಾಟಕ ಅಂತ ನಮಗೆ ಗೊತ್ತಿಲ್ವಾ ಅಕ್ಕಾ? ನಮಗೆ ಗೊತ್ತಿರೋದು ಅಣ್ಣನಿಗೆ ಗೊತ್ತಾಗ್ಬಾರ್ದು ಅಂತ ನಾವೂ ಆಡ್ತಿದ್ವಿ. ಪಾಪ, ಬೇಜಾರು ಮಾಡ್ಕೋತಾರೆ ಅಂತ."

•

ತಮ್ಮನಿಗೆ ರಿಂಗಿನಲ್ಲಿ ಮೊಸಳೆ ಎಂಬ ಕೆಟ್ಟವನ ವೇಷ ಸಿಕ್ಕ ವರ್ಷವೇ ಅಣ್ಣನಿಗೆ ಅಂಕಣ ಸಿಕ್ಕಿತ್ತು. ಕುಸ್ತಿ ಕಂಪನಿಯ ಯಜಮಾನ ಮೊದಲ ದಿನವೇ ಹೇಳಿದ್ದ, "ಒಳ್ಳೆಯವನೂ ಕೆಟ್ಟವನೂ ಒಂದೇ ಗಾಡಿಯಲ್ಲಿ ಬರಕೂಡದು. ಕೆಟ್ಟವನಿಗೆ ಬೀದಿಯಲ್ಲಿ ನಂಟರೂ ಇರಕೂಡದು." ಅಂದಿನಿಂದ ತಮ್ಮ ಅಣ್ಣನ ಮನೆಗೆ ಹಿತ್ತಲ ಬಾಗಿಲಿಂದ ಬರತೊಡಗಿದ, ಅದೂ ಆಟವಿಲ್ಲದ ಸೋಮವಾರಗಳಲ್ಲಿ.

ಮೊದಲ ಕಂತಿನ ಕಾಗದಗಳನ್ನು ಅಣ್ಣ ಅಡುಗೆಮನೆಯಲ್ಲೇ ಗಟ್ಟಿಯಾಗಿ ಓದಿದ. "ಮೊಸಳೆಗೆ ಸ್ವಂತದವರು ಅಂತ ಯಾರಾದರೂ ಇದ್ದಾರೆಯೇ?"

ನೂರಾ ಹತ್ತು ಕಿಲೋದ ತಮ್ಮ ಬ್ರೆಡ್ಡು ಅಗಿಯುತ್ತಾ, "ಏನಂತ ಬರೀತೀಯೋ?" ಎಂದ.

ಒಲೆಯ ಹತ್ತಿರ ಕೂತಿದ್ದ ತಾಯಿ ತಿರುಗಿ ನೋಡದೆಯೇ ಹೇಳಿದ್ದಳು, "ಮೊಟ್ಟೆಯಿಂದ ಬಂದ ಅಂತ ಬರಿ. ಇವನನ್ನ ಹೆತ್ತ ನೋವಾದ್ರೂ ನನ್ನ ಲೆಕ್ಕದಿಂದ ಹೋಗ್ಲಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮನಿಗೆ ಬ್ರೆಡ್ಡು ನೆತ್ತಿಗೇರಿತು. "ನಿಧಾನ ಪುಟ್ಟೂ," ಎಂದು ತಾಯಿ ಅವನ ತಲೆ ತಟ್ಟಿದಳು. ಅಣ್ಣ ಬರೆದ: 'ಮೊಸಳೆಗೆ ಯಾರೂ ಇಲ್ಲ. ಮೊಟ್ಟೆಯಿಂದ ಬಂದವನು, ಆ ಮೊಟ್ಟೆಯೂ ಕೊಳೆತಿತ್ತು.'

ಜನ ಆ ಸಾಲನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಮೊಸಳೆ ರಿಂಗಿಗೆ ಬಂದರೆ ಸಾಕು, "ಥೂ ಮೊಸಳೇ, ಥೂ!" ಅವನು ಖಾಲಿ ಕೈಯನ್ನು ಕಿವಿಯ ಹಿಂದಿಟ್ಟು, 'ಕೇಳಿಸಲಿಲ್ಲ, ಇನ್ನೂ ಜೋರಾಗಿ' ಎನ್ನುವಂತೆ ತಲೆ ಓರೆ ಮಾಡುತ್ತಿದ್ದ. ಚಾವಣಿ ಹಾರುವಂತೆ ಕೂಗುತ್ತಿದ್ದರು.

ಇನ್ನೊಬ್ಬ ಓದುಗ ಕೇಳಿದ್ದ: ಜೋಡಿ ಕುಸ್ತಿಯಲ್ಲಿ ಸುಸ್ತಾದ ಜೊತೆಗಾರ ಹಗ್ಗದವರೆಗೂ ತೆವಳಿ ಬಂದು ಕೈ ಚಾಚಿದರೂ ಮೊಸಳೆ ಅಂಗೈ ತಟ್ಟುವುದಿಲ್ಲವೇಕೆ? ಉತ್ತರ: ತಟ್ಟಿದರೆ ಅವನನ್ನು ಹೊರಗೆ ಕಳಿಸಿ ತಾನು ಒಳಗಿಳಿಯಬೇಕಲ್ಲ. ಮೊಸಳೆ ಯಾರ ಭಾರವನ್ನೂ ಹೊರುವವನಲ್ಲ.

ಮತ್ತೊಬ್ಬ: ಮೊಸಳೆ ಅಳುವುದುಂಟೇ? ಉತ್ತರ: ಉಂಟು. ಹೆಸರೇ ಹಾಗಿರುವುದರಿಂದ ಯಾರೂ ನಂಬುವುದಿಲ್ಲ.

•

ತಾಯಿ ಸತ್ತದ್ದು ದೊಡ್ಡ ಪಂದ್ಯದ ವಾರ. ಉತ್ತರದಣ್ಣನ ತಾಯಿ ಎಂದು ಕೇಳಿ ರಸ್ತೆಯ ತುಂಬ ಅಭಿಮಾನಿಗಳು ಬಂದಿದ್ದರು. ತಮ್ಮ ಹಿತ್ತಲಿಂದ ಬಂದು ಅಡುಗೆಮನೆಯಲ್ಲಿ ನಿಂತ.

"ನಾನೂ ಹೊರ್ತೀನಿ," ಎಂದ.

ಅಣ್ಣ ಕದವನ್ನು ಹಿಂದಿನಿಂದ ಎಳೆದುಕೊಂಡ. "ಹೊರಗೆ ಇನ್ನೂರು ಜನ ಇದ್ದಾರೆ ಪುಟ್ಟೂ. ನಿನಗೆ ತಾಯಿ ಇಲ್ಲ. ನಾನೇ ಬರೆದಿದ್ದೀನಲ್ಲೋ. ಎಲ್ಲರೂ ಹೋದಮೇಲೆ ಸಮಾಧಿ ಹತ್ತಿರ ಒಬ್ಬನೇ ಬಾ, ನಾನು ಕಾದಿರ್ತೀನಿ."

ತಮ್ಮ ಅಡುಗೆಮನೆಯಲ್ಲೇ ಉಳಿದ. ಕದದ ಸಂದಿನಿಂದ ಪೆಟ್ಟಿಗೆ ಹೋಗುವುದನ್ನು ನೋಡಿದ. ಮುಂದಿನ ಬಲಮೂಲೆಯನ್ನು ಪ್ರೆಸ್ಸಿನ ಯಾರೋ ಹೊತ್ತಿದ್ದರು. ಅವನಿಗೆ ಕಂಡದ್ದು ಆ ಮನುಷ್ಯನ ಬೂಟು ಮಾತ್ರ.

ಆಮೇಲೂ ಸೋಮವಾರಗಳಿಗೆ ಬಂದ, ಉಂಡ, ನಕ್ಕ. ಆದರೆ ಒಲೆಯ ಹತ್ತಿರದ ಜಾಗದಲ್ಲಿ ಇಬ್ಬರೂ ಕೂರುತ್ತಿರಲಿಲ್ಲ. ಅಂಕಣದಲ್ಲಿ ಆ ಹಳೆಯ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. ಮೊಟ್ಟೆಯ ಮಾತು ಉತ್ತರದಿಂದ ಉದುರಿಹೋಯಿತು. 'ಮೊಸಳೆಗೆ ಯಾರೂ ಇಲ್ಲ.' ಅಷ್ಟೇ ಉಳಿಯಿತು.

•

ಇವತ್ತೂ ಹಿತ್ತಲ ಚಿಲಕವೇ ಸದ್ದಾಯಿತು. ಒಳಬಂದವನು ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರವಿದ್ದ. ಐವತ್ತಾರು ವಯಸ್ಸು, ಈಗಲೂ ತಿಂಗಳಿಗೆರಡು ಸಲ ರಿಂಗಿಗಿಳಿಯುತ್ತಿದ್ದ. ಸ್ಟೂಲಿನ ಮೇಲೆ ಕೂತ. ಸ್ಟೂಲು ನರಳಿತು.

"ಮುಂದಿನ ಬಾಗಿಲಿಂದ ಬಾ ಅಂದಿದ್ದೆ," ಎಂದಳು ಅತ್ತಿಗೆ.

"ಜನ ಇದ್ದಾರೆ ಅತ್ತಿಗೆ."

"ಇರ್ಲಿ. ಆ ಮೂಲೆ ನಿನ್ನದು."

"ಅಣ್ಣ ಮೂವತ್ತು ವರ್ಷ ಬರೆದದ್ದನ್ನ ಅವನ ಪೆಟ್ಟಿಗೆ ಮುಂದೇನೇ ಸುಳ್ಳು ಮಾಡ್ಲಾ? ಅಮ್ಮನಿಗೇ ಹೊರಲಿಲ್ಲ. ಇವನಿಗೆ ಹೊತ್ರೆ ಇವನೇ ಬೈತಾನೆ."

"ನಿನಗೆ ಹೊರೋಕೆ ಮನಸ್ಸಿದೆಯೋ ಇಲ್ವೋ, ಅಷ್ಟು ಹೇಳು."

ಅವನು ತನ್ನ ಅಗಲವಾದ ಅಂಗೈಗಳನ್ನು ನೋಡಿಕೊಂಡ. "ಬೂಟು ಪಾಲಿಶ್ ಮಾಡ್ಕೊಂಡು ಬಂದಿದೀನಿ," ಎಂದ.

ನೋಡಿದರೆ ನಿಜವಾಗಿಯೂ ಬೂಟು ಹೊಳೆಯುತ್ತಿತ್ತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಗಳು ಒಳಗೆ ಹೋಗಿ ಆಸ್ಪತ್ರೆಯಿಂದ ತಂದಿದ್ದ ರಟ್ಟಿನ ಕಡತ ತಂದಳು. "ಚಿಕ್ಕಪ್ಪಾ, ಇದು ಮುಂದಿನ ವಾರದ್ದು. ಪ್ರೆಸ್ಸಿನವರು ಕೇಳ್ತಿದಾರೆ. ನಾನಿನ್ನೂ ಕೊಟ್ಟಿಲ್ಲ."

ಆರು ಪ್ರಶ್ನೆಗಳು. ಐದಕ್ಕೆ ಅಣ್ಣನ ಸಣ್ಣ ದುಂಡು ಅಕ್ಷರದ ಉತ್ತರ. ಉಕ್ಕಿನ ಅಳಿಯನಿಗೇ ಅರ್ಧ ಪುಟ: 'ಮಾವ ಸಿಕ್ಕಿಲ್ಲವೆಂದು ಅಳಿಯತನ ಬಿಡಲಾದೀತೇ? ಅರ್ಜಿ ಹಾಕಿಕೊಂಡಿದ್ದಾನೆ.' ಆರನೆಯದು ಬಟ್ಟೆ ಒಗೆಯುವ ಅಂಗಡಿಯ ಹೆಂಗಸೊಬ್ಬಳು ಕೇಳಿದ್ದು: 'ಅಣ್ಣಾ, ಮೊಸಳೆಗೂ ವಯಸ್ಸಾಯಿತು. ಕಡೆಗಾಲಕ್ಕಾದರೂ ಅವನಿಗೆ ಸ್ವಂತದವರು ಯಾರೂ ಇಲ್ಲವೇ?'

ಕೆಳಗೆ 'ಉ' ಎಂದಿತ್ತು. ಅದರ ಮುಂದೆ ಪೆನ್ನಿನ ಒಂದು ಚುಕ್ಕೆ. ಚುಕ್ಕೆಯ ಮೇಲೆ ಮತ್ತೆ ಮತ್ತೆ ಪೆನ್ನು ಊರಿ ಕಾಗದ ತೂತಾಗಿತ್ತು. ಮುಂದೆ ಖಾಲಿ.

"ಮೂರು ದಿನ ಇದನ್ನೇ ಹಿಡ್ಕೊಂಡು ಕೂತಿದ್ರು," ಎಂದಳು ಮಗಳು. "ಯಾವಾಗಲೂ ಬರೆಯೋದೇ ಅಲ್ವಾ ಅಪ್ಪಾ, ಮೂರು ಪದ, ನಾನೇ ಬರೀಲಾ ಅಂದೆ. ಬೇಡ ಅಂದ್ರು. ಕೈ ಬರ್ತಿಲ್ಲ ಅಂದ್ರು. ಕೈ ಚೆನ್ನಾಗೇ ಇತ್ತು ಚಿಕ್ಕಪ್ಪಾ. ಅವತ್ತೇ ಆ ಅಳಿಯನಿಗೆ ಅರ್ಧ ಪುಟ ಬರೆದ್ರು."

ಅವನು ಕಾಗದವನ್ನು ಬೆಳಕಿಗೆ ಹಿಡಿದ. ತೂತಿನಿಂದ ಕಿಟಕಿಯ ಬೆಳಕು ಸಣ್ಣಗೆ ಅವನ ಹೆಬ್ಬೆರಳಿನ ಮೇಲೆ ಬಿತ್ತು. ಬಹಳ ಹೊತ್ತು ನೋಡಿದ. ನಡುಮನೆಯಿಂದ ಕ್ಷೌರದವನ ದನಿ ಕೇಳಿತು, "ಅಕ್ಕಾ, ಗಾಡಿ ಬಂತು."

ಮೊಸಳೆ ಎದ್ದ. ಕಡತವನ್ನು ಅತ್ತಿಗೆಯ ಕೈಗಿತ್ತು, ಅಡುಗೆಮನೆಯ ಕದವನ್ನು ಪೂರ್ತಿ ತೆರೆದು ನಡುಮನೆಗೆ ಬಂದ.

ಬಾಗಿಲಲ್ಲಿ ಇಣುಕುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಇವನ್ಯಾಕೋ ಇಲ್ಲಿಗೆ ಬಂದ?" ಎಂದರು ಯಾರೋ. "ಸತ್ತವರನ್ನೂ ಬಿಡಲ್ವಾ ಇವನು?" ಎಂದರು ಇನ್ನೊಬ್ಬರು. ಸುದ್ದಿ ಬಾಯಿಂದ ಬಾಯಿಗೆ ರಸ್ತೆಗೆ ಇಳಿಯಿತು.

ಅವನು ಯಾರನ್ನೂ ನೋಡಲಿಲ್ಲ. ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಅಣ್ಣನ ಎದೆಯ ಮೇಲಿದ್ದ ಬಲಗೈಯನ್ನು ಮೆಲ್ಲಗೆ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲಾಗಿಸಿದ. ಶಾಯಿಯ ಕಲೆ ಇನ್ನೂ ತೋರುಬೆರಳಲ್ಲಿತ್ತು. ತನ್ನ ಕೈಯನ್ನು ಭುಜದವರೆಗೆ ಎತ್ತಿದ. ಆ ಕೈ ಬೀಸಿದರೆ ಏನಾಗುತ್ತದೆಂದು ಎಲ್ಲರೂ ಕಂಡವರೇ.

ಅಂಗೈಗೆ ಅಂಗೈ ತಟ್ಟಿದ. ಮಗುವನ್ನು ಎಬ್ಬಿಸುವಷ್ಟು ಮೆತ್ತಗೆ.

ಅದೇನೆಂದು ಜೋಡಿ ಕುಸ್ತಿ ಕಂಡ ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಗಳು ಕೈಯನ್ನು ಮತ್ತೆ ಮೊದಲಿನಂತೆ ಮಡಿಸಲು ಬಗ್ಗಿದಳು. "ಇರ್ಲಿ ಬಿಡೇ," ಎಂದಳು ಅವಳ ತಾಯಿ. ಅಂಗೈ ಮೇಲಾಗಿದ್ದ ಹಾಗೆಯೇ ಮುಚ್ಚಳ ಹಾಕಿದರು.

ಮುಂದಿನ ಬಲಮೂಲೆಗೆ ಅವನು ಹೆಗಲು ಕೊಟ್ಟ. ಪೆಟ್ಟಿಗೆ ಆ ಕಡೆಗೆ ಎತ್ತರವಾಯಿತು. ಎಡಮೂಲೆಯಲ್ಲಿದ್ದ ಕ್ಷೌರದವನು ತುದಿಗಾಲಲ್ಲಿ ನಡೆಯುತ್ತಾ, "ಸ್ವಲ್ಪ ಬಗ್ಗಯ್ಯಾ ಮಾರಾಯ, ನಾನೇನು ನೇತಾಡ್ಕೊಂಡು ಬರ್ಲಾ?" ಎಂದು ಪಿಸುಗುಟ್ಟಿದ. ಮೊಸಳೆ ಮಂಡಿ ಬಗ್ಗಿಸಿ ನಡೆದ.

ಮೂವತ್ತು ವರ್ಷದಲ್ಲಿ ಮೊದಲ ಸಲ ಮುಂದಿನ ಹೊಸ್ತಿಲು ದಾಟಿದ. ರಸ್ತೆಯ ಎರಡೂ ಬದಿಯಲ್ಲಿ ಜನ ಕಲ್ಲಾಗಿ ನಿಂತಿದ್ದರು. ಆ ಮೌನದಲ್ಲಿ ಬೂಟಿನ ಸದ್ದು ಮಾತ್ರ. ಅವನ ಹೆಜ್ಜೆ ತಡವರಿಸಿತು. ಎಲ್ಲಿ ನೋಡಬೇಕೆಂದು ತಿಳಿಯದೆ ತಲೆ ತಗ್ಗಿಸಿದ. ನೆತ್ತಿಯ ಎರಡು ಸುಳಿಗಳೂ ಬಿಸಿಲಿಗೆ ಬಿದ್ದವು.

ಕ್ಷೌರದವನು ಅದನ್ನು ನೋಡಿದ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ತನ್ನದೇ ದನಿಯಲ್ಲಿ ಕೂಗಿದ.

"ಥೂ... ಮೊಸಳೇ... ಥೂ!"

ಗೇಟಿನ ಹತ್ತಿರ ಹೆಂಗಸೊಬ್ಬಳು ಒಡೆದ ದನಿಯಲ್ಲಿ, "ಥೂ ಮೊಸಳೇ!" ಎಂದಳು. ಅವಳ ಪಕ್ಕದವನು. ಎದುರಿನ ಸಾಲು. ಹಳೆಯ ಪುಟಗಳನ್ನು ಎತ್ತಿ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ, ಇಡೀ ರಸ್ತೆ ಕೂಗಿತು.

ಹಿಂದೆ ಬರುತ್ತಿದ್ದ ನೆರೆಮನೆಯಾಕೆ ಹೌಹಾರಿ, "ಏನಮ್ಮಾ ಇದು, ಸಾವಿನ ಮನೆ ಮುಂದೆ?" ಎಂದಳು. ಅತ್ತಿಗೆಗೆ ಅದು ಕೇಳಿಸಲಿಲ್ಲ. ಅವಳು ಮೈದುನನ ಬೆನ್ನನ್ನು ನೋಡುತ್ತಿದ್ದಳು.

ಅವನ ಎಡಗೈ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದಿತ್ತು. ಖಾಲಿಯಿದ್ದ ಬಲಗೈ ಮೊದಲು ಮುಖದ ಕಡೆಗೆ ಹೋಯಿತು, ಕೆನ್ನೆಯನ್ನು ಒರೆಸಿತು. ಆಮೇಲೆ ಮೆಲ್ಲಗೆ ಮೇಲೆದ್ದು, ಕಿವಿಯ ಹಿಂದೆ ನಿಂತಿತು.